ದುರ್ಬಲ ತಳಿ ಅಂದ ಮಾತ್ರಕ್ಕೆ

ಪುಟ್ಟಿ,

ಲ್ಯಾಬ್ ಸೇರಿದ್ದು, ಗೈಡ್ ಒಳ್ಳೆಯವರು ಸಿಕ್ಕಿದ್ದು, ಇನ್ನು ಸ್ವಲ್ಪ ದಿನಕ್ಕೆ ಜೀವಕೋಶದೊಳಗೆ ಜೀನ್ ಸಾಗಿಸೋ ಲೆಂಟಿವೈರಸ್ ಕೆಲಸ ಶುರುವಾಗೋದು, ಎಲ್ಲ ಓದಿ ತುಂಬಾ ಖುಷಿಯಾಯಿತು. ಆದರೆ ಕೊನೆಯಲ್ಲಿ "ಅದು ದುರ್ಬಲ ಮಾಡಿದ ವೈರಸ್ ಅತ್ತೆ, ಏನೂ ಆಗಲ್ಲ" ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲಿಗೇ ಇಷ್ಟುದ್ದದ ಉತ್ತರ.

ಮಾಲ್ಕಮ್ ಕಸಾಡಬಾನ್ ಅಂತ ಒಬ್ಬರಿದ್ದರು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ನಿಮ್ಮ ಫ್ರೀಜರಿನಲ್ಲಿ ಎಂಸಿ1061 ಅನ್ನೋ ಇ. ಕೋಲಿ ಬ್ಯಾಕ್ಟೀರಿಯಾ ತಳಿ ಇದ್ದರೆ ನೋಡು, ಆ ಎಂಸಿ ಅವರದೇ ಹೆಸರಿನ ಅಕ್ಷರಗಳು. ಅಷ್ಟು ಪಳಗಿದ ಕೈ. 2009ರಲ್ಲಿ ಅವರು ಪ್ಲೇಗ್ ಬ್ಯಾಕ್ಟೀರಿಯಾದ ಒಂದು ದುರ್ಬಲ ತಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಮೈಯೊಳಗಿಂದ ಕಬ್ಬಿಣ ಹೀರಿಕೊಳ್ಳೋಕೆ ಬೇಕಾದ ಜೀನುಗಳು ಆ ತಳಿಯಲ್ಲಿ ಇರಲಿಲ್ಲ. ಕಬ್ಬಿಣ ಸಿಗದೆ ಅದು ಮನುಷ್ಯನೊಳಗೆ ಬೆಳೆಯಲಾರದು, ಹಾಗಾಗಿ ಅಪಾಯವಿಲ್ಲ ಅಂತ ಎಲ್ಲರೂ ನಂಬಿದ್ದರು, ಆ ನಂಬಿಕೆಗೆ ಕಾರಣವೂ ಇತ್ತು. ಆದರೆ ಕಸಾಡಬಾನ್ ಅವರಿಗೆ ಹುಟ್ಟಿನಿಂದಲೇ ಹಿಮೋಕ್ರೊಮಟೋಸಿಸ್ ಇತ್ತು, ಅಂದರೆ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ, ಅದು ಅವರಿಗೂ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾಗೆ ಏನು ಸಿಗಬಾರದಿತ್ತೋ ಅದು ಅವರ ಮೈಯಲ್ಲೇ ಧಾರಾಳವಾಗಿ ಸಿಕ್ಕಿತು. ಜ್ವರ ಬಂತು, ಕ್ಲಿನಿಕ್ಕಿಗೆ ಹೋದರು, ಫ್ಲೂ ಇರಬೇಕು ಅಂತ ಮನೆಗೆ ಕಳಿಸಿದರು. ಸೆಪ್ಟೆಂಬರ್ 13ಕ್ಕೆ ಆಸ್ಪತ್ರೆ ಸೇರಿ ಅದೇ ದಿನ ತೀರಿಕೊಂಡರು. 60 ವರ್ಷ. ಆಮೇಲಿನ ತನಿಖೆಯಲ್ಲಿ, ಅವರು ಗ್ಲೌಸ್ ಹಾಕೋದು ಸಮ ಇರಲಿಲ್ಲ ಅಂತಲೂ ಬಂತು.

ತಳಿ ದುರ್ಬಲ ಅಂತ ಬರೆಯೋರು ನಿನ್ನ ಮೈಯನ್ನು ನೋಡಿ ಬರೆದಿರಲ್ಲ ಪುಟ್ಟಿ. ನಿನ್ನ ಆರೋಗ್ಯದ ವಿಚಾರ, ತಗೊಳ್ಳೋ ಮಾತ್ರೆ, ಮುಂದೆ ಬಸುರಿಯಾದರೆ ಅದೂ ಸೇರಿ, ಲ್ಯಾಬಿನ ಸುರಕ್ಷತೆ ನೋಡಿಕೊಳ್ಳುವ ವೈದ್ಯರಿಗೆ ಗೊತ್ತಿರಬೇಕು. ಜ್ವರ ಅಂತ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಹೇಳಬೇಕಾದ್ದು ನೀನು ಯಾವುದರ ಮೇಲೆ ಕೆಲಸ ಮಾಡ್ತೀಯ ಅನ್ನೋದು. ಅವರಾಗಿ ಕೇಳಲ್ಲ.

ಇನ್ನು ನಿನ್ನ ಲೆಂಟಿವೈರಸ್. ಅದರ ಜೀನುಗಳನ್ನು ಬೇರೆ ಬೇರೆ ಪ್ಲಾಸ್ಮಿಡ್‌ಗಳಿಗೆ, ಅಂದರೆ ಉಂಗುರದಂಥ ಡಿಎನ್‌ಎ ತುಂಡುಗಳಿಗೆ, ಹಂಚಿರುತ್ತಾರೆ, ಹಾಗಾಗಿ ಅದು ಮತ್ತೆ ಮರಿ ಮಾಡಲ್ಲ, ನಿಜ. ಆದರೆ ನೀನು ಒಳಗಿಟ್ಟ ಜೀನನ್ನು ಹೊಕ್ಕ ಜೀವಕೋಶದ ಕ್ರೋಮೋಸೋಮಿಗೆ ಹೊಲಿಯೋದೇ ಅದರ ಕಸುಬು, ಆ ಕೋಶ ನಿನ್ನ ಬೆರಳಿನದಾದರೂ ಸರಿ. ಬರೀ ಹೊಳೆಯುವ ಪ್ರೋಟೀನ್ ಮಾಡುವ ಜಿಎಫ್‌ಪಿ ಜೀನ್ ಇಟ್ಟಿದ್ದೀಯಾ, ಇಲ್ಲ ಕ್ಯಾನ್ಸರ್ ತರುವ ಜೀನ್ ಇಟ್ಟಿದ್ದೀಯಾ ಅನ್ನೋದರಲ್ಲಿ ತುಂಬಾ ವ್ಯತ್ಯಾಸವಿದೆ. ವೈರಸ್ ಒಂದೇ ಅಂತ ಎರಡಕ್ಕೂ ಒಂದೇ ಎಚ್ಚರ ಸಾಲದು. ಸೂಜಿ ಬೇಡವಾದ ಕಡೆ ಸೂಜಿ ಬಳಸಬೇಡ, ಬಳಸಿದರೆ ಮುಚ್ಚಳ ವಾಪಸ್ ಹಾಕಬೇಡ, ಹಾಗೇ ಚೂಪಾದ ಕಸ ಹಾಕೋ ಶಾರ್ಪ್ಸ್ ಡಬ್ಬಿಗೆ.

ಮತ್ತೆ ಆ "ಹುಡ್", ಸೋಸಿದ ಗಾಳಿ ಹರಿಯೋ ಕೆಲಸದ ಪೆಟ್ಟಿಗೆ. ನಮ್ಮಲ್ಲಿ ಎಲ್ಲದಕ್ಕೂ ಹುಡ್ ಅಂದುಬಿಡ್ತಾರೆ, ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಅಡ್ಡ ಗಾಳಿಯ ಲ್ಯಾಮಿನಾರ್ ಫ್ಲೋದಲ್ಲಿ ಸೋಸಿದ ಗಾಳಿ ಹಿಂದಿನಿಂದ ಬಂದು ನಿನ್ನ ಪ್ಲೇಟ್ ದಾಟಿ ನೇರ ಮುಖಕ್ಕೆ ಬೀಸುತ್ತೆ. ಮೀಡಿಯಾ, ಅಂದರೆ ಕೋಶ ಬೆಳೆಸೋ ಆಹಾರ, ಸುರಿಯೋಕೆ, ಸಸ್ಯದ ಟಿಶ್ಯೂ ಕಲ್ಚರಿಗೆ ಅದು ಚೆನ್ನ. ಅದು ಕಾಪಾಡೋದು ಪ್ಲೇಟನ್ನು, ನಿನ್ನನ್ನಲ್ಲ. ವೈರಸ್ ಕೆಲಸಕ್ಕೆ ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ಟೇ ಬೇಕು, ಅದು ಮುಂದಿನ ಜಾಲರಿಯಿಂದ ಗಾಳಿ ಒಳಗೆಳೆದು ಸೋಸಿ ಹೊರಗೆ ಬಿಡುತ್ತೆ. ಆ ಜಾಲರಿ ಮೇಲೆ ನೋಟ್‌ಬುಕ್ ಇಟ್ಟರೆ ಕೆಟ್ಟಿತು. ಕ್ಯಾಬಿನೆಟ್ಟಿನ ಮೇಲೆ ಸ್ಟಿಕ್ಕರ್ ಇರುತ್ತೆ, ಕೊನೆಯ ಸಲ ಯಾವಾಗ ಪರೀಕ್ಷೆ ಆಗಿದೆ ಅಂತ ನೋಡು.

ಇನ್ನು ಲ್ಯಾಬಿನ ಕಸವನ್ನು ಒತ್ತಡದ ಬಿಸಿ ಉಗಿಯಲ್ಲಿ ಬೇಯಿಸೋ ಆಟೊಕ್ಲೇವ್. ಅದರ ಟೇಪಿನ ಗೆರೆ ಕಪ್ಪಾಯ್ತು ಅಂದರೆ ಕಸದೊಳಗಿನ ಜೀವಿಗಳು ಸತ್ತಿವೆ ಅಂತಲ್ಲ. ಟೇಪಿಗೆ ಬಿಸಿ ತಾಗಿದೆ, ಅಷ್ಟೇ. ಬಿಗಿಯಾಗಿ ತುಂಬಿ ಬಾಯಿ ಕಟ್ಟಿದ ಚೀಲದ ನಡುವಿಗೆ ಉಗಿ ಹೋಗೋದೇ ಇಲ್ಲ, ಹೊರಗೆ 121 ಡಿಗ್ರಿ ಇದ್ದರೂ ಒಳಗೆ ಬ್ಯಾಕ್ಟೀರಿಯಾ ಆರಾಮಾಗಿರುತ್ತೆ. ಬಾಯಿ ಸಡಿಲ ಬಿಡು, ಚೀಲ ಪೂರ್ತಿ ತುಂಬಬೇಡ, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಗಳನ್ನು ಒಳಗಿಟ್ಟು ಸಾಯುತ್ತವಾ ನೋಡೋ ಸ್ಪೋರ್ ಪರೀಕ್ಷೆ ಆಗಾಗ ಮಾಡ್ತಾರಾ ಕೇಳು. ಬ್ಲೀಚ್ ಹಾಕಿದ್ದನ್ನು ಮಾತ್ರ ಆಟೊಕ್ಲೇವಿಗೆ ಇಡಲೇಬೇಡ, ಕ್ಲೋರಿನ್ ಗಾಳಿ ಬರುತ್ತೆ.

ಕಾಗದದ ಕೆಲಸ ಅಂದರೆ ನಿನಗೆ ಬೇಜಾರು, ಗೊತ್ತು. ಆದರೆ ಜೀನ್ ಬದಲಿಸಿದ ಜೀವಿಗಳ ಬಗೆಗಿನ 1989ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಈ ಕೆಲಸಗಳನ್ನು ನೋಡಬೇಕು, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) 2017ರ ಮಾರ್ಗಸೂಚಿಯಲ್ಲಿ ಯಾವ ಕೆಲಸಕ್ಕೆ ಎಂಥಾ ಲ್ಯಾಬ್ ಅಂತ ವಿವರವಾಗಿದೆ. ಬಿಕನೇರಿ ನರ್ಮಾ ಬಿಟಿ ಹತ್ತಿ ನೆನಪಿದೆಯಾ? ನಾಗಪುರದ ಹತ್ತಿ ಸಂಸ್ಥೆ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಎಲ್ಲ ಸೇರಿ ಮಾಡಿದ್ದು, ರೈತರು ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಾದ ಬಿಟಿ ಹತ್ತಿ. 2009ರಲ್ಲಿ ರೈತರ ಕೈಗೆ ಬಂತು. ಆಮೇಲೆ ನೋಡಿದರೆ ಅದರಲ್ಲಿ ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊದ ಜೀನ್ ಸಿಕ್ಕಿತು, ಬೀಜ ಮಾರಾಟವೇ ನಿಂತುಹೋಯಿತು. ಯಾರಿಗೂ ಕಾಯಿಲೆ ಬರಲಿಲ್ಲ, ಆದರೆ ಎಷ್ಟೋ ವರ್ಷದ ಸರ್ಕಾರಿ ದುಡ್ಡಿನ ಕೆಲಸ, ರೈತರ ನಂಬಿಕೆ, ಎರಡೂ ಹೋದವು. ಟ್ಯೂಬಿನ ಮೇಲೆ ಹೆಸರು, ತಾರೀಕು, ಎಲ್ಲಿಂದ ಬಂತು ಅಂತ ಬರೆಯೋದು ಅದಕ್ಕೇ. "ಎ1, ಎ2" ಅಂತ ಗೀಚಿ ಫ್ರೀಜರಿಗೆ ಹಾಕಬೇಡ.

ಕೆಲಸ ಶುರು ಮಾಡೋ ಮೊದಲು ನಿನ್ನ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಇದೆಯಾ, ನೀನು ಹಾಕುವ ಜೀನ್ ಅದರಲ್ಲಿ ಬರೆದಿದೆಯಾ ಅಂತ ಗೈಡನ್ನು ಕೇಳು. ಬೇರೆ ಜೀನಿಗೆ ಸಿಕ್ಕ ಹಳೇ ಒಪ್ಪಿಗೆ ನಡೆಯುತ್ತೆ ಅಂತ ಯಾರಾದರೂ ಅಂದರೆ ಸುಮ್ನೆ ತಲೆಯಾಡಿಸಬೇಡ, ಸಮಿತಿಗೆ ಬರೆದು ಕೇಳಿಸು. ಒಂದೆರಡು ತಿಂಗಳು ತಡವಾದರೆ ಆಗಲಿ.

ನಿನ್ನ ಅತ್ತೆ