ಸಂತರ ಆಟದ ಎರಡನೇ ಮುದ್ರಣ: ಕೊರತೆ ತೋರಿಸಿಕೊಟ್ಟವರಿಗೆ ವಂದನೆ

ಕಥೋಲಿಕ ಸಂತರ ಹೆಸರು ಗುರುತಿಸುವ, ಮಕ್ಕಳು ‘ಸಂತರ ಆಟ’ ಎಂದೇ ಕರೆಯುವ ನಮ್ಮ ಬೋರ್ಡ್ ಆಟದ ಮೊದಲ ಮುದ್ರಣ ಪೂರ್ತಿ ಖಾಲಿಯಾಗಿ, ಎರಡನೆಯದು ಮನೆಗಳಿಗೆ ತಲುಪತೊಡಗಿದೆ. ಕೊಂಡವರಿಗೂ ಧರ್ಮಕೇಂದ್ರಗಳಲ್ಲಿ ಪೂಜೆ ಮುಗಿದ ಮೇಲೆ ಬಾಗಿಲ ಬಳಿ ಮೇಜು ಹಾಕಿ ಮಾರಿಕೊಟ್ಟವರಿಗೂ ವಂದನೆಗಳು. ಅವರಿಗಿಂತ ಹೆಚ್ಚಿನ ಋಣ, ಆಡಿ ನೋಡಿ ‘ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಇದು ಸರಿಹೋಗಲ್ಲ’ ಎಂದು ಬಿಡಿಸಿ ಬರೆದವರದು. ಹೊಸ ಪೆಟ್ಟಿಗೆಯಲ್ಲಿ ಬದಲಾಗಿರುವುದೆಲ್ಲ ಅವರಿಂದ ಬಂದದ್ದು. ಯಾರಿಂದ ಏನು ಬಂತೆಂದು ಬರೆದಿಟ್ಟರೆ ಹೊಸದಾಗಿ ಆಡುವವರಿಗೂ ಇಂಥದೇ ಆಟ ಮಾಡಹೊರಟವರಿಗೂ ಅನುಕೂಲ.

ಆಟ ನೋಡಿಲ್ಲದವರಿಗೆ ಮೊದಲು ಅದರ ಪರಿಚಯ. ಹಲಗೆಯ ಮೇಲೆ ಚರ್ಚಿನ ಆರಾಧನಾ ವರ್ಷದ ವಾರಕ್ಕೊಂದರಂತೆ 52 ಮನೆ. ಆಗಮನಕಾಲದ (ಕ್ರಿಸ್ಮಸ್‌ಗೆ ಸಿದ್ಧರಾಗುವ ವಾರಗಳು) ಮೊದಲ ಭಾನುವಾರದಿಂದ ಹೊರಟ ಕಾಯಿ ವರ್ಷದ ಕೊನೆಯ ಕ್ರಿಸ್ತರಾಜರ ಹಬ್ಬ ಮುಟ್ಟಬೇಕು. ಆಗಮನಕಾಲ ಮತ್ತು ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು) 7 ಮನೆ ನೇರಳೆ. ಅದೇ ಕಾಲಗಳ ನಡುವೆ ಬರುವ ಹರ್ಷದ ಎರಡು ಭಾನುವಾರಗಳು ಗುಲಾಬಿ, ಅಲ್ಲಿ ಇಳಿದವರಿಗೆ ಇನ್ನೊಂದು ಎಸೆತ. ಕ್ರಿಸ್ಮಸ್ ಮತ್ತು ಪಾಸ್ಖ (ಈಸ್ಟರ್) ಕಾಲದ 9 ಮನೆ ಬಿಳಿ. ಗರಿಗಳ ಭಾನುವಾರ, ಪವಿತ್ರಾತ್ಮರ ಆಗಮನದ ಹಬ್ಬ ಮತ್ತು ನಾಲ್ಕು ರಕ್ತಸಾಕ್ಷಿಗಳ ದಿನಗಳು ಸೇರಿ 6 ಕೆಂಪು. ಉಳಿದ 28 ಹಸಿರು, ಅವುಗಳಲ್ಲಿ 18ಕ್ಕೆ ಪ್ರಭಾವಳಿಯ ಗುರುತಿದೆ. ಆ ಗುರುತಿನ ಮನೆಗೆ ಬಂದವರಿಗಾಗಿ ಬಲಗಡೆಯವರು ಸಂತರ ಕಾರ್ಡ್ ಎತ್ತಿ ಮೂರು ಸುಳಿವುಗಳನ್ನು ಒಂದೊಂದಾಗಿ ಓದುತ್ತಾರೆ. ಮೊದಲ ಸುಳಿವಿಗೇ ಹೆಸರು ಹೇಳಿದರೆ 3 ರೊಟ್ಟಿ ಬಿಲ್ಲೆ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಹಳೆಯ ರೂಢಿಯಿಂದ ಬಿಲ್ಲೆಗೆ ಆ ರೂಪ ಬಂತು. ಬಿಳಿ ಮನೆಯಲ್ಲಿ ಎಲ್ಲರಿಗೂ ಒಂದೊಂದು ರೊಟ್ಟಿ. ಕೆಂಪು ಮನೆಯಲ್ಲಿ ಪರೀಕ್ಷೆಯ ಕಾರ್ಡ್. ನೇರಳೆಯಲ್ಲಿ ದಯಾಕಾರ್ಯದ ಕಾರ್ಡ್. ಒಟ್ಟು 72 ಕಾರ್ಡ್: ಸಂತರು 48, ದಯಾಕಾರ್ಯ 14, ಪರೀಕ್ಷೆ 10. ದಯಾಕಾರ್ಯ 14 ಏಕೆಂದು ಧರ್ಮೋಪದೇಶ ಕಲಿತವರಿಗೆ ಗೊತ್ತು: ದೈಹಿಕವಾದವು ಏಳು, ಆತ್ಮಿಕವಾದವು ಏಳು.

ದಾಳ ತೆಗೆದು ಕವಡೆ ಹಾಕಿಸಿದ ಅಜ್ಜಿಯಂದಿರಿಗೆ ಮೊದಲ ನಮಸ್ಕಾರ. ದಾಳ ಸೋಫಾದ ಕೆಳಗೆ ಉರುಳಿ ಕಳೆದುಹೋಗುತ್ತಿತ್ತು ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಲೆಕ್ಕದ್ದು. ದಾಳದ ಸರಾಸರಿ ಮೂರೂವರೆ. ನಾಲ್ಕು ಕವಡೆಗಳದ್ದು, ಎಲ್ಲವೂ ಬೋರಲು ಬಿದ್ದಾಗಿನ 8 ಸೇರಿಸಿಯೂ, ಎರಡೂವರೆಯ ಆಸುಪಾಸು. ದಾಳ ಹಾಕಿದರೆ 52 ಮನೆಗೆ ಒಬ್ಬರಿಗೆ 15 ಸರದಿ, ಕವಡೆಯಲ್ಲಿ 21. ಅದರಿಂದ ನಾಲ್ವರ ಆಟದಲ್ಲಿ ಸುಮಾರು 29 ಸಂತರ ಕಾರ್ಡ್ ಹೊರಬೀಳುತ್ತವೆ, ಆಟ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆರು ಜನ ಆಡಿದರೂ 43ರಷ್ಟು, ಹಾಗಾಗಿ 48ರ ಕಟ್ಟು ಸಾಕು. ಚೌಕಾಬಾರದ ಅಭ್ಯಾಸದಲ್ಲಿ 4 ಮತ್ತು 8ಕ್ಕೆ ಮರು ಎಸೆತ ಕೊಡಬೇಡಿ. ಕಾಯಿ ಓಡಿಬಿಡುತ್ತದೆ, ಪ್ರಭಾವಳಿಯ ಮನೆಗಳು ತಪ್ಪುತ್ತವೆ. ಕವಡೆ ಕಳೆದರೆ ನಾಲ್ಕು ಹುಣಿಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳಿ. ಪೆಟ್ಟಿಗೆಗೆ ಕಾಯುತ್ತ ಕೂರಬೇಕಿಲ್ಲ.

ನೇರಳೆ ಮನೆಯ ನಿಯಮ ತಿದ್ದಿದವರು ಧರ್ಮೋಪದೇಶದ ತರಗತಿ ನಡೆಸುವ ಸಿಸ್ಟರ್‌ಗಳು. ದಯಾಕಾರ್ಯದ ಕಾರ್ಡ್ ಎತ್ತಿದವರು ಅದರಲ್ಲಿರುವ ಕೆಲಸವನ್ನು ಗಟ್ಟಿಯಾಗಿ ಓದಿ, ಎಲ್ಲರಿಗಿಂತ ಹಿಂದಿರುವ ಕಾಯಿಯವರಿಗೆ ಒಂದು ರೊಟ್ಟಿ ಕೊಟ್ಟು, ಕಾರ್ಡನ್ನು ತಾವೇ ಇಟ್ಟುಕೊಳ್ಳಬೇಕು. ಕೊನೆಯಲ್ಲಿ ರೊಟ್ಟಿಗೆ 1 ಅಂಕ, ಕಾರ್ಡಿಗೆ 2. ಕೊಟ್ಟವರಿಗೂ ಲಾಭವಾದರೆ ಅದೆಂಥ ದಾನ ಎಂದು ಒಂದಿಬ್ಬರು ತಂದೆತಾಯಂದಿರು ಕೇಳಿದರು. ಆಕ್ಷೇಪ ನ್ಯಾಯವೇ, ಆದರೂ ನಿಯಮ ಉಳಿಸಿಕೊಂಡಿದ್ದೇವೆ. ಏಳು ವರ್ಷದ ಮಗುವಿಗೆ ಕೊಡುವುದು ಮೊದಲು ಅಭ್ಯಾಸವಾಗಲಿ. ಇಲ್ಲೊಂದು ತೊಡಕಿದೆ. ನಾಲ್ವರ ಆಟಕ್ಕೆ 11ರಷ್ಟು ಕಾರ್ಡ್ ಸಾಕು, ಆರು ಜನಕ್ಕೆ 17 ಬೇಕಾಗುತ್ತದೆ, ಇರುವುದು 14. ಆರು ಜನ ಇದ್ದರೆ ಇಬ್ಬಿಬ್ಬರ ಮೂರು ಜೋಡಿ ಮಾಡಿ, ಚಿಕ್ಕವರ ಜೊತೆ ಹಿರಿಯರೊಬ್ಬರನ್ನು ಕೂರಿಸಿ. ದೊಡ್ಡ ಮಕ್ಕಳೇ ಸದಾ ಗೆಲ್ಲುತ್ತಾರೆಂಬ ದೂರೂ ಅದರಿಂದ ಕಡಿಮೆಯಾಗುತ್ತದೆ.

ಹೆಚ್ಚು ಪತ್ರಗಳು ಬಂದದ್ದು ಸುಳಿವುಗಳ ಬಗ್ಗೆ. ಕಷ್ಟದಿಂದ ಸುಲಭಕ್ಕೆ ಇಳಿಯಬೇಕು ಎಂದು ಬಾಯಲ್ಲಿ ಹೇಳುವುದು ಸುಲಭ. ಕಷ್ಟ ಯಾವುದೆಂಬುದು ಊರಿನಿಂದ ಊರಿಗೆ ಬೇರೆ. ಸಂತ ಜೋಸೆಫ್ ವಾಜ್‌ರ ಮೊದಲ ಸುಳಿವಿನಲ್ಲಿ ಅವರ ಪುಣ್ಯಕ್ಷೇತ್ರವಿರುವ ಮುಡಿಪು ಊರಿನ ಹೆಸರಿದ್ದರೆ ಮಂಗಳೂರು ಕಡೆಯ ಮಗು ವಾಕ್ಯ ಮುಗಿಯುವ ಮುಂಚೆ ಉತ್ತರ ಹೇಳುತ್ತದೆ, ಕೊಳ್ಳೇಗಾಲದ ಮಗು ಮೂರೂ ಸುಳಿವು ಕೇಳಿ ಸುಮ್ಮನಿರುತ್ತದೆ. ಈಗ ಮೊದಲ ಸುಳಿವಿನಲ್ಲಿ ನಮ್ಮ ರಾಜ್ಯದ ಊರಿನ ಹೆಸರೇ ಬರುವುದಿಲ್ಲ. ವಾಜ್‌ರ ಕಾರ್ಡ್ ಹೀಗಿದೆ: ಡಚ್ಚರ ಕಾಲದ ಶ್ರೀಲಂಕಾದಲ್ಲಿ ವೇಷ ಮರೆಸಿಕೊಂಡು ಸೇವೆ ಮಾಡಿದೆ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡೆ, ಗೋವೆಯ ಬಾಣಾವಳಿಯಲ್ಲಿ ಹುಟ್ಟಿ, ಕೆನರಾದಲ್ಲೂ ದುಡಿದೆ. ಸಂತ ಲಾರೆನ್ಸರ ಮೂರು ಸುಳಿವು: ರೋಮಿನ ಡೀಕನ್ (ಗುರುಗಳಿಗಿಂತ ಕೆಳಗಿನ ಚರ್ಚಿನ ಸೇವಕ) ಆಗಿದ್ದ ನನ್ನ ಕೈಲಿ ಬಡವರಿಗೆ ಹಂಚುವ ಹಣದ ಲೆಕ್ಕವಿತ್ತು, ಚರ್ಚಿನ ಸಂಪತ್ತು ತಾ ಎಂದ ಅಧಿಕಾರಿಯ ಮುಂದೆ ಬಡವರನ್ನು ನಿಲ್ಲಿಸಿದೆ, ಕಬ್ಬಿಣದ ಜಾಲರಿ ನನ್ನ ಗುರುತು. ಅತ್ತೂರಿನ ಜಾತ್ರೆ ಜನವರಿಯಲ್ಲಿ ನಡೆಯುವಾಗ ಕಾರ್ಡಿನಲ್ಲಿ ಆಗಸ್ಟ್ 10 ಯಾಕಿದೆ ಎಂದು ಕಾರ್ಕಳದ ಕಡೆಯಿಂದ ಕೇಳಿದ್ದರು. ಆಗಸ್ಟ್ 10 ಇಡೀ ಚರ್ಚು ಆಚರಿಸುವ ದಿನ, ಜನವರಿಯದು ಆ ಪುಣ್ಯಕ್ಷೇತ್ರದ ವಾರ್ಷಿಕ ಮಹೋತ್ಸವ. ಎರಡೂ ಈಗ ಕಾರ್ಡಿನಲ್ಲಿವೆ.

ಒಂದೇ ಹೆಸರಿನವರ ಗೊಂದಲವನ್ನು ಬಿಡಿಸಿದವರು ಮಕ್ಕಳೇ. ಬರೀ ‘ತೆರೇಸಾ’ ಎಂದರೆ ಯಾರು? ಆವಿಲಾದವರೇ, ಲಿಸಿಯೂದವರೇ, ಕಲ್ಕತ್ತಾದ ಮದರ್ ತೆರೇಸಾ ಅವರೇ? ಫ್ರಾನ್ಸಿಸ್ ಎಂದರೆ ಅಸ್ಸಿಸಿ, ಝೇವಿಯರ್, ಸೇಲ್ಸ್ ಮೂವರೂ ಎದುರಿಗೆ ಬರುತ್ತಾರೆ. ಅಂತೋಣಿಯವರೂ ಇಬ್ಬರು: ಜೂನ್ 13ರ ಪಾದುವಾದವರು, ಜನವರಿ 17ರ ವನದ ಅಂತೋಣಿ. ಈಗಿನ ನಿಯಮ: ಕಾರ್ಡಿನ ಮೂಲೆಯಲ್ಲಿ ಜೋಡಿ ಚುಕ್ಕೆ ಇದ್ದರೆ ಊರನ್ನೋ ಅಡ್ಡಹೆಸರನ್ನೋ ಸೇರಿಸಿ ಹೇಳಿದರೆ ಮಾತ್ರ ಪೂರ್ತಿ ರೊಟ್ಟಿ, ಬರೀ ಹೆಸರಿಗೆ ಒಂದು ಕಡಿಮೆ. ರಾಯಪ್ಪ ಎಂದರೂ ಪೇತ್ರ ಎಂದರೂ ಸರಿ, ಚಿನ್ನಪ್ಪನೂ ಪೌಲರೂ ಒಬ್ಬರೇ, ಕೊಂಕಣಿ ಮನೆಗಳಲ್ಲಿ ಜೋಸೆಫರಿಗೆ ಜುಜೆ ಎಂದರೆ ತಕರಾರು ಬೇಡ. ಮಾತೆ ಮರಿಯಮ್ಮನವರನ್ನು ಮಾತ್ರ ಸಂತರ ಕಟ್ಟಿನಲ್ಲಿ ಸೇರಿಸಿಲ್ಲ. ಲೂರ್ದು, ಫಾತಿಮಾ, ಆರೋಗ್ಯಮಾತೆ ಎಂದು ಬೇರೆ ಬೇರೆ ಕಾರ್ಡ್ ಮಾಡಿದರೆ ಮಕ್ಕಳು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿಯುತ್ತಾರೆ. ಮರಿಯಮ್ಮನವರ ಐದು ಹಬ್ಬಗಳು ಹಲಗೆಯ ಮೇಲೆ ನೀಲಿ ನಕ್ಷತ್ರಗಳಾಗಿವೆ. ಅಲ್ಲಿಗೆ ಬಂದವರೊಂದಿಗೆ ಎಲ್ಲರೂ ಸೇರಿ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳುವುದು.

ಸುಳಿವುಗಳನ್ನು ಸಾಲು ಸಾಲಾಗಿ ಓದಿ, ಇತಿಹಾಸ ಯಾವುದು ಪರಂಪರೆಯ ಕಥೆ ಯಾವುದು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಫಾದರ್‌ಗಳಿಗೂ ಗುರುಮಠದ ಬ್ರದರ್‌ಗಳಿಗೂ ಪ್ರತ್ಯೇಕ ಕೃತಜ್ಞತೆ. ಸಂತ ಜಾರ್ಜರ ಘಟಸರ್ಪ, ಕ್ರಿಸ್ಟೋಫರರ ಹೆಗಲ ಮೇಲಿನ ಮಗು, ಝೇವಿಯರರ ಶಿಲುಬೆ ತಂದುಕೊಟ್ಟ ಏಡಿ, ಇವೆಲ್ಲಕ್ಕೆ ಈಗ ಸುರುಳಿಯ ಗುರುತಿದೆ. ಕಥೆ ಕಥೆಯಾಗಿಯೇ ಚೆನ್ನ. ಗುರುತು ಹಾಕಿಬಿಟ್ಟರೆ ಹತ್ತನೇ ತರಗತಿಗೆ ಬಂದಾಗ ಮಗು ಎಲ್ಲವನ್ನೂ ಒಟ್ಟಿಗೆ ಸುಳ್ಳೆಂದು ತಳ್ಳಿಹಾಕುವುದಿಲ್ಲ. ಕಷ್ಟವಾದದ್ದು ಸಂತ ಫಿಲೋಮಿನಾ. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ 1802ರಲ್ಲಿ ಅಸ್ಥಿಗಳು ಸಿಕ್ಕವು, 1961ರಲ್ಲಿ ಅವರ ಹಬ್ಬವನ್ನು ಚರ್ಚಿನ ಪಂಚಾಂಗಗಳಿಂದ ಕೈಬಿಡಲಾಯಿತು. ಆದರೆ ಮೈಸೂರಿನ ಮಗುವಿಗೆ ಆ ಜೋಡಿ ಗೋಪುರದ ಚರ್ಚು ದಿನವೂ ಕಣ್ಣಿಗೆ ಬೀಳುವಂಥದು. ಕಾರ್ಡ್ ಉಳಿಸಿ, ಆಗಸ್ಟ್ 11 ಸಾಂಪ್ರದಾಯಿಕ ದಿನ ಎಂದು ಬರೆಯಿರಿ ಎಂಬ ಸಲಹೆಯನ್ನು ಹಾಗೆಯೇ ಪಾಲಿಸಿದ್ದೇವೆ.

ಎಳೆಯರಿಗಾಗಿ 16 ಕಾರ್ಡ್‌ಗಳಿಗೆ ಹಸಿರು ಎಲೆಯ ಗುರುತು ಬಂದಿರುವುದು ತಾಯಂದಿರ ಒತ್ತಾಯದಿಂದ. ಆರು ವರ್ಷದೊಳಗಿನವರು ಇದ್ದರೆ ಅವಷ್ಟನ್ನೇ ತೆಗೆದುಕೊಂಡು, ಪಾಸ್ಖದ ಮನೆಯಿಂದ ಆಟ ಶುರುಮಾಡಿ. ಸಂತ ಬಾರ್ತೊಲೊಮೆಯರ ಸುಲಿದ ಚರ್ಮ, ಸಂತ ಲೂಸಿಯ ತಟ್ಟೆಯ ಮೇಲಿನ ಕಣ್ಣುಗಳು ಮಲಗುವ ಹೊತ್ತಿಗೆ ಬೇಡ.

ಚಿತ್ರ ಬರೆದವರಿಗೆ ಋಣ ದೊಡ್ಡದು. ಕಂದು ಉಡುಪಿನ ಕೇರಳದ ಅಲ್ಫೋನ್ಸಮ್ಮನವರೂ ಕಂದು ಉಡುಪಿನ ಲಿಸಿಯೂದ ತೆರೇಸಾ ಅವರೂ ಅಂಗೈಯಗಲದ ಚಿತ್ರದಲ್ಲಿ ಅಕ್ಕತಂಗಿಯರಂತೆ ಕಾಣುತ್ತಿದ್ದರು. ಒಬ್ಬರ ಕೈಗೆ ಗುಲಾಬಿ ಕೊಟ್ಟು ಬೇರೆ ಮಾಡಿದರು. ಗುರುತುಗಳು ಕಾರ್ಡಿನ ಓದುವ ಮಗ್ಗುಲಲ್ಲೇ ಇರುವುದರಿಂದ ಓದುವವರು ಅದನ್ನು ಎದೆಗೆ ಒತ್ತಿ ಹಿಡಿದುಕೊಳ್ಳಲಿ.

ಹಲಗೆಯನ್ನು ಉಳಿಸಿದವರು ಬೈಂಡಿಂಗ್ ಕೆಲಸದ ಹಿರಿಯರು. 18 ಇಂಚು ಚದರದ ಹಲಗೆ ನಾಲ್ಕು ಮಡಿಕೆಯಾಗಿ 9 ಇಂಚಿಗೆ ಬರುತ್ತದೆ, ಒಳಗೆ 2 ಮಿಮೀ ರಟ್ಟು. ಮುದ್ರಿಸಿದ ಕಾಗದವನ್ನು ಮೇಲಷ್ಟೇ ಅಂಟಿಸಿದರೆ ಕರಾವಳಿಯ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಬಾಗುತ್ತದೆ, ಯಾಕೆಂದರೆ ತೇವ ಹೀರಿದ ರಟ್ಟು ಹಿಗ್ಗಿದಾಗ ಒಂದೇ ಮಗ್ಗುಲು ಎಳೆತ ಬೀಳುತ್ತದೆ. ಹಿಂಬದಿಗೂ ಅದೇ ತೂಕದ ಕಾಗದ, ನಾರಿನ ದಿಕ್ಕು ಒಂದೇ ಇರುವಂತೆ ಅಂಟಿಸಬೇಕು ಎಂದರು. ಮೈದಾ ಅಂಟಿಗೆ ಹುಳ ಬೀಳದಿರಲು ಮೈಲುತುತ್ತ ಬೆರೆಸುವುದು ಬೈಂಡಿಂಗಿನ ಹಳೆಯ ಪದ್ಧತಿ. ಮಕ್ಕಳು ಬಾಯಿಗಿಟ್ಟುಕೊಳ್ಳುವ ವಸ್ತುವಿಗೆ ಅದು ವಿಷ ಎಂದು ಅವರೇ ತಡೆದು ಬಿಳಿ ಅಂಟು ಬಳಸಿದರು. ನಿಮ್ಮಲ್ಲಿರುವ ಹಳೆಯ ಹಲಗೆ ಬಾಗಿದ್ದರೆ ಬಿಸಿಲಿಗೆ ಇಡಬೇಡಿ, ಲ್ಯಾಮಿನೇಷನ್ ಎದ್ದುಬಿಡುತ್ತದೆ. ನ್ಯೂಸ್‌ಪೇಪರ್ ಸುತ್ತಿ ಭಾರ ಹೇರಿ ಎರಡು ದಿನ ಬಿಡಿ.

ಇನ್ನು ಇಟಲಿಯ ಹುಡುಗ ಕಾರ್ಲೊ ಅಕುಟಿಸ್. ಮೊದಲ ಮುದ್ರಣದ ಕಾರ್ಡಿನಲ್ಲಿ ಅವರೂ ಇಟಲಿಯವರೇ ಆದ ಪಿಯೆರ್ ಜಾರ್ಜಿಯೊ ಫ್ರಸಾಟಿಯವರೂ ‘ಪುನೀತ’ (ಸಂತ ಪದವಿಗೆ ಹಿಂದಿನ ಮೆಟ್ಟಿಲು). 2025ರ ಏಪ್ರಿಲ್ 27ಕ್ಕೆ ಗೊತ್ತಾಗಿದ್ದ ಕಾರ್ಲೊ ಅವರ ಸಂತ ಪದವಿ ಪೋಪ್ ಫ್ರಾನ್ಸಿಸರ ನಿಧನದಿಂದ ಮುಂದಕ್ಕೆ ಹೋಯಿತು. ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಇಬ್ಬರನ್ನೂ ಸಂತರೆಂದು ಘೋಷಿಸಿದರು. ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸೋಣವೆಂದರೆ ಅಂಚು ಏಳುತ್ತದೆ, ಕಲಸುವಾಗ ಅದರ ದಪ್ಪ ಬೆರಳಿಗೆ ತಿಳಿದು ಯಾವ ಕಾರ್ಡೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಹಳೆಯ ಪೆಟ್ಟಿಗೆ ಇರುವವರಿಗೆ ಬದಲಿ ಹಾಳೆ ಬರುತ್ತಿದೆ, ನಿಮ್ಮ ಧರ್ಮಕೇಂದ್ರದ ಉಪದೇಶಿಗಳ ಬಳಿ ಕೇಳಿ ಪಡೆಯಿರಿ. 13×19 ಇಂಚಿನ ಹಾಳೆಯಲ್ಲಿ 18 ಕಾರ್ಡ್ ಕೂರುತ್ತವೆ: ಈ ಇಬ್ಬರದು ಎರಡು, ಉಳಿದ 16 ಖಾಲಿ. ನಿಮ್ಮ ಊರಿನ ಪಾಲಕ ಸಂತರನ್ನೋ ಮಕ್ಕಳ ನಾಮಕರಣದ ಸಂತರನ್ನೋ ಅದರಲ್ಲಿ ಬರೆದುಕೊಳ್ಳಿ. ಹೊಸ ಕಾರ್ಡಿನ ಬೆನ್ನಿನ ಬಣ್ಣ ಹಳೆಯದಕ್ಕಿಂತ ತುಸು ಗಾಢ, ಎರಡು ಸಲದ ಮುದ್ರಣದಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ. ಓದುವವರು ಕಟ್ಟಿನ ಮೇಲಿನಿಂದ ಎತ್ತದೆ ನಡುವಿನಿಂದ ಎಳೆದುಕೊಂಡರೆ ಗುಟ್ಟು ಉಳಿಯುತ್ತದೆ. ಖಾಲಿ ಕಾರ್ಡಿನ ಮುಖಕ್ಕೆ ಲ್ಯಾಮಿನೇಷನ್ ಇಲ್ಲ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ ಒಣಗುವ ಮೊದಲೇ ಒರೆಸಿಹೋಗುತ್ತದೆ. ಇದನ್ನು ಕಂಡುಹಿಡಿದು ಮಸಿ ಮೆತ್ತಿದ ಕಾರ್ಡನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ ಐದನೇ ತರಗತಿಯ ಹುಡುಗಿಗೂ ವಂದನೆ.