ಸ್ಟೆಮ್ ವೆಲ್ಡಿಂಗ್ ವಿಚಾರವಾಗಿ ಪುಟ್ಟನಿಗೆ

ಮೈಸೂರು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರವೇ ಬಂತು. ಇಲ್ಲಿಯ ಕ್ಷೇಮಸಮಾಚಾರವನ್ನು ನಿನ್ನಮ್ಮ ದಿನಾ ಫೋನ್ ಮಾಡಿ ವಿಚಾರಿಸುತ್ತಾಳೆ, ಅದನ್ನು ಬಿಡುತ್ತೇನೆ. ನಾಲ್ಕು ಪುಟ ಬರೆದಿದ್ದೀಯ. ಆರ್‌ಎಕ್ಸ್ 100 ಬೈಕಿನ ಚಾಸಿಗೆ ಡ್ಯೂಕ್ 200ರ ಮುಂದಿನ ಶಾಕು, ಕೊಳವೆ 43 ಎಂ.ಎಂ. ದಪ್ಪ, 17 ಇಂಚಿನ ಚಕ್ರ, ಡಿಸ್ಕ್ ಬ್ರೇಕು. ಓದುತ್ತಾ ಓದುತ್ತಾ ನಾನೇ ಶೆಡ್ಡಿನಲ್ಲಿ ನಿನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ ಹಾಗಾಯಿತು. ಆಮೇಲೆ ಮೂರನೆಯ ಪುಟದ ಕೊನೆಗೆ, ಶಾಕನ್ನು ಚಾಸಿಗೆ ಹಿಡಿದು ಹ್ಯಾಂಡಲ್ ಜೊತೆ ತಿರುಗುವ ಸರಳು, ಆ ಸ್ಟೆಮ್ಮಿನ ಮಾತಿಗೆ ಬಂದೆ. "ಸ್ಟೆಮ್ ಉದ್ದ ಹೊಂದಲಿಲ್ಲ ದೊಡ್ಡಪ್ಪ, ಕಟ್ ಮಾಡಿಸಿ ವೆಲ್ಡ್ ಹಾಕಿಸಿದೆ, ನೀಟಾಗಿ ಕೂತಿದೆ. ಆದರೂ ಜೋರಾಗಿ ಬ್ರೇಕ್ ಹಿಡಿದಾಗ ಒಂದೊಂದು ಸಲ ಕಟ್ ಅಂತ ಸಣ್ಣ ಸದ್ದು ಬರುತ್ತೆ, ಹ್ಯಾಂಡಲ್ ಬೇರಿಂಗಿನ ಕೋನ್ ಸೆಟ್ ಲೂಸ್ ಇರಬೇಕು." ಇಷ್ಟು ಬರೆದು, ಮುಂದಿನ ಸಾಲಿಗೇ ಶಾಕಿಗೆ ಆಯಿಲ್ ಯಾವ ಗ್ರೇಡು ಹಾಕಲಿ ಅಂತ ಕೇಳಿದ್ದೀಯ.

ಆಯಿಲಿನ ಮಾತು ಆಮೇಲೆ. ಮೂರು ರಾತ್ರಿಯಿಂದ ಆ ಕಟ್ ಸದ್ದು ನನ್ನ ಕಿವಿಯಲ್ಲೇ ಇದೆ.

ವೆಲ್ಡಿಂಗ್ ನೀಟಾಗಿದೆ ಅಂದೆಯಲ್ಲ, ನಂದೂ ನೀಟಾಗಿತ್ತು ಕಣೋ. ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ನಾನಿದ್ದ ದಿನಗಳ ಕತೆ ನಿನಗೆ ಬಾಯಿಪಾಠ, ಎಷ್ಟು ಸಲ ಕೊರೆದಿದ್ದೇನೋ. ಇದೊಂದನ್ನು ಮಾತ್ರ ಹೇಳಿಲ್ಲ. 1986. ನನ್ನ ಸ್ನೇಹಿತ, ಯಾರು ಅಂತ ನಿನಗೆ ಗೊತ್ತಾಗುತ್ತೆ, ತನ್ನ ಯೆಜ್ಡಿ 250ಕ್ಕೆ ರಾಜದೂತ್ 350ರ ಮುಂಭಾಗ ಹಾಕಬೇಕು ಅಂತ ಹಟ ಹಿಡಿದ. ಶೋಳವರಂ ರೇಸಿಗೆ ಹೋಗುವ ಹುಚ್ಚು. ಆಗ ಮದ್ರಾಸಿನ ಆಚೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿತ್ತು. ನೆಲ ಒರಟು, ಬಿಸಿಲು ಕೇಳಬೇಡ. ಶಾಕಿನ ಎರಡು ಕೊಳವೆ ಹಿಡಿದುಕೊಳ್ಳುವ ಟಿ ಸಿಕ್ಕಿತು, ಶಾಕ್ ಸಿಕ್ಕಿತು, ಸ್ಟೆಮ್ ಮಾತ್ರ ನಮ್ಮ ಚಾಸಿಗೆ ಸರಿಹೋಗಲಿಲ್ಲ. ನಿನಗಾದ ಹಾಗೇ. ಕಾರ್ಖಾನೆಯ ಲೇತ್ ಮುಟ್ಟುವ ಹಾಗಿರಲಿಲ್ಲ. ಹೊರಗೆ ಒಂದು ಶೆಡ್ಡಿನಲ್ಲಿ ರಾತ್ರಿ ಹನ್ನೊಂದಕ್ಕೆ ಎರಡು ತುಂಡು ಜೋಡಿಸಿ ನಾನೇ ವೆಲ್ಡ್ ಹಾಕಿದೆ. ಫೈಲ್ ಹಿಡಿದು ಉಜ್ಜಿ, ಎಮರಿ ಕಾಗದದಲ್ಲಿ ತಿಕ್ಕಿ, ಬಣ್ಣ ಬಳಿದೆ. ಬೆಳಿಗ್ಗೆ ನೋಡಿದರೆ ಎಲ್ಲಿ ಜೋಡಿಸಿದ್ದೆ ಅಂತ ನನಗೇ ತಿಳಿಯಲಿಲ್ಲ. ಎಷ್ಟು ಹೆಮ್ಮೆ ಪಟ್ಟಿದ್ದೆ!

ಅವನು ಶೋಳವರಂನಲ್ಲಿ ಓಡಿಸಿದ. ಗೆಲ್ಲಲಿಲ್ಲ, ಬೀಳಲೂ ಇಲ್ಲ. ಲಾರಿಯಲ್ಲಿ ಗಾಡಿ ಹಾಕಿಕೊಂಡು ವಾಪಸು ಬಂದೆವು. ಬಂದ ಮೂರನೇ ದಿನ ಅದೇ ಗಾಡಿಯಲ್ಲಿ ತರಕಾರಿ ತರಲು ಹೋಗಿ, ರಾಮಸ್ವಾಮಿ ಸರ್ಕಲ್ ಹತ್ತಿರ, ಎತ್ತಿನ ಗಾಡಿ ಅಡ್ಡ ಬಂತು ಅಂತ ಮೆತ್ತಗೆ ಬ್ರೇಕ್ ಹಿಡಿದಿದ್ದಾನೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಸ್ಪೀಡು ಇದ್ದಿರಬೇಕು, ಅಷ್ಟೇ. ಚಕ್ರ ಒಂದು ಕಡೆ, ಹ್ಯಾಂಡಲ್ ಒಂದು ಕಡೆ. ಮುಂದಿನ ಎರಡು ಹಲ್ಲು ಹೋದವು. ಅವನ ಕಟ್ಟಿದ ಹಲ್ಲು ನೋಡಿ ನೀವು ಮಕ್ಕಳೆಲ್ಲ ನಗುತ್ತಿದ್ದಿರಲ್ಲ, ಅದು ಇದೇ.

ಹಲ್ಲು ಹೋದದ್ದಕ್ಕಿಂತ ನನ್ನನ್ನು ಕೊಂದದ್ದು ಮುರಿದ ಸ್ಟೆಮ್. ಮುರಿದ ಮುಖ ತಿರುಗಿಸಿ ನೋಡಿದೆ. ಮುಕ್ಕಾಲು ಪಾಲು ಕಪ್ಪಗೆ, ಮರದ ಕಾಂಡದ ಬಳೆಗಳ ಹಾಗೆ ಗೆರೆಗೆರೆ. ಕಾಲು ಪಾಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಹೊಳೆಯುವುದು ಅವತ್ತು ಮುರಿದದ್ದು. ಕಪ್ಪಗಿರುವುದು ಎಂದೋ ಬಿರಿದು, ಒಂದೊಂದು ಬ್ರೇಕಿಗೆ ಕೂದಲೆಳೆಯಷ್ಟು ಬೆಳೆದು ಬಂದದ್ದು. ಅಂದರೆ ಶೋಳವರಂನ ನೇರದಲ್ಲಿ ಅವನು ಪೂರ್ತಿ ಥ್ರಾಟಲ್ ತಿರುಗಿಸಿ ಹೋಗುತ್ತಿದ್ದಾಗ, ನಾನು ಪಕ್ಕದಲ್ಲಿ ನಿಂತು ಟವೆಲ್ ಬೀಸುತ್ತಿದ್ದಾಗ, ಆ ಸ್ಟೆಮ್ ಆಗಲೇ ಅರ್ಧ ಸತ್ತಿತ್ತು.

ಅವನು ಕೇಳಿದ, ಏನಾಯ್ತೋ ಅಂತ. ರಾಜದೂತಿನ ಹಳೇ ಮಾಲು, ಸವೆದಿತ್ತು ಅಂದೆ. ನಂಬಿದ. ಹೋದ ವರ್ಷ ತೀರಿಕೊಳ್ಳುವವರೆಗೂ ನಂಬಿಕೊಂಡೇ ಇದ್ದ.

ನಿನ್ನ ಗಾಡಿಗೆ ಬರುತ್ತೇನೆ. ಬ್ರೇಕ್ ಹಿಡಿದಾಗ ನೆಲ ಟೈರನ್ನು ಹಿಂದಕ್ಕೆ ಎಳೆಯುತ್ತದೆ. ಒಳ್ಳೇ ಟೈರು, ಒಳ್ಳೇ ಡಿಸ್ಕು ಇದ್ದರೆ ಆ ಎಳೆತ ಹೆಚ್ಚುಕಡಿಮೆ ನಿನ್ನ ಮತ್ತು ಗಾಡಿಯ ಒಟ್ಟು ತೂಕದಷ್ಟೇ ಆಗುತ್ತದೆ. ಗಾಡಿ ನೂರು ಕೆ.ಜಿ. ಆಸುಪಾಸು, ನೀನು ಅರವತ್ತೈದು. ಆ ಭಾರವೆಲ್ಲ ಹಾರೆಯ ತುದಿಗೆ ಬಿದ್ದ ಹಾಗೆ. ಶಾಕಿನ ಎರಡು ಕೊಳವೆಗಳೇ ಹಾರೆ, ಮೀಟುವ ಜಾಗ ಕೆಳಗಿನ ಟಿ ಮತ್ತು ಸ್ಟೆಮ್ ಸೇರುವ ಬುಡ. ಹಳೆಯ ಡ್ರಮ್ ಬ್ರೇಕಿನಲ್ಲಿ ಅಷ್ಟು ಏಟು ಎಂದೂ ಬೀಳುತ್ತಿರಲಿಲ್ಲ. ಕಂಪನಿಯ ಸ್ಟೆಮ್ಮೇ ಆಗಿದ್ದರೂ ನಾನು ಯೋಚಿಸುತ್ತಿದ್ದೆ. ನೀನು ಏಟಿಗೆ ಬಲ ತುಂಬಿ, ಏಟು ತಿನ್ನುವವನ ಬೆನ್ನು ಮುರಿದಿದ್ದೀಯ. ಗಟ್ಟಿ ಉಕ್ಕನ್ನು ಬಿಸಿ ಮಾಡದೆ, ಆಮೇಲೆ ಹದ ಮಾಡದೆ ವೆಲ್ಡ್ ಹಾಕಿದರೆ ಬೆಸುಗೆ ಹಿಡಿದುಕೊಳ್ಳುತ್ತೆ, ಅದರ ಪಕ್ಕದ ಕಬ್ಬಿಣ ಗಾಜಿನ ಹಾಗೆ ಪೆಡಸಾಗುತ್ತೆ. ಒಡೆಯುವುದು ಅಲ್ಲೇ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆ ರಾತ್ರಿ ನನಗೆ ಯಾರಾದರೂ ಇದನ್ನು ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಕೆಳಗಿನ ಟಿಯಿಂದ ಆ ಸ್ಟೆಮ್ಮನ್ನು ಪ್ರೆಸ್ಸಿನಲ್ಲಿ ತಳ್ಳಿಸಿ ತೆಗೆಸು. ಇಎನ್ 24 ಅನ್ನುವ ಗಟ್ಟಿ ಉಕ್ಕಿನ ರಾಡಿನಲ್ಲಿ ಒಂದೇ ತುಂಡಾಗಿ ಹೊಸದು ತಿರುಗಿಸಿ ಬಿಗಿಯಾಗಿ ಕೂರಿಸಿ ಕೊಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಪೀಣ್ಯದ ಕಡೆ ವಿಚಾರಿಸು. ದಪ್ಪ ಬದಲಾಗುವ ಕಡೆ ಚೂಪಾದ ಮೂಲೆ ಬಿಡಬೇಡ ಅಂತ ಲೇತಿನವನಿಗೆ ಹೇಳು, ಅಲ್ಲಿ ಸ್ವಲ್ಪ ದುಂಡಗಿರಬೇಕು. ಬಿರುಕು ಹುಟ್ಟುವುದೇ ಮೂಲೆಯಲ್ಲಿ. ದುಡ್ಡು ಹೆಚ್ಚಾಗುತ್ತೆ, ಗೊತ್ತು. ಕಡಿಮೆ ಬಿದ್ದರೆ ನಿನ್ನಪ್ಪನಿಗೆ ಹೇಳಬೇಡ, ನನಗೆ ಹೇಳು.

ಆಯಿಲ್ ಕೇಳಿದ್ದೆ. ಗ್ರೇಡು ಬದಲಿಸುವ ಮೊದಲು ಸ್ಪ್ರಿಂಗ್ ನೋಡು. ಡ್ಯೂಕು ನಿನ್ನ ಗಾಡಿಗಿಂತ ಬಹಳ ತೂಕ, ಅದಕ್ಕೆ ಮಾಡಿದ ಸ್ಪ್ರಿಂಗು ನಿನಗೆ ಬಿರುಸಾಗುತ್ತೆ. ಜ್ಯಾಕೆಟ್, ಹೆಲ್ಮೆಟ್ ಎಲ್ಲ ಹಾಕಿಕೊಂಡು ಗಾಡಿ ಮೇಲೆ ಕೂತರೆ ಮುಂದೆ 30 ಎಂ.ಎಂ. ಸುಮಾರು ಇಳಿಯಬೇಕು. ಹತ್ತೇ ಇಳಿದರೆ ಟೈರು ನೆಲ ಹಿಡಿಯುವುದಿಲ್ಲ, ಕುಣಿಯುತ್ತೆ. ಕೊಳವೆಯನ್ನು ಟಿಯಿಂದ ಮೇಲೆತ್ತಿ ಮುಂಭಾಗ ತಗ್ಗಿಸಿದ್ದೇನೆ ಅಂದಿದ್ದೀಯ, ಎಷ್ಟು ಅಂತ ಬರೆದಿಲ್ಲ. ಹೆಚ್ಚಾದರೆ ಟ್ರೇಲ್, ಅಂದರೆ ಸ್ಟೆಮ್ಮಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಅದರ ಹಿಂದೆ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ, ಕಡಿಮೆಯಾಗಿ ಹ್ಯಾಂಡಲ್ ವಾಬ್ಲಿಂಗ್ ಬರುತ್ತೆ. ಡ್ಯೂಕಿನ ಟಿಯಲ್ಲಿ ಸ್ಟೆಮ್ಮಿಗೂ ಕೊಳವೆಗೂ ಇರುವ ಅಂತರ ಆರ್‌ಎಕ್ಸ್‌ದಲ್ಲ, ಚಕ್ರವೂ ಚಿಕ್ಕದಾಯಿತು, ಎಲ್ಲವೂ ಟ್ರೇಲಿಗೇ ಬಂದು ಸೇರುತ್ತವೆ. ಐದೈದು ಎಂ.ಎಂ. ಮಾತ್ರ ಬದಲಿಸಿ ನೋಡು. ಈಗ ಬೇಡ, ಸ್ಟೆಮ್ ಆದ ಮೇಲೆ. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬಹುದು, ನಾನು ಡಿಸ್ಕ್ ಬ್ರೇಕ್ ಗಾಡಿಯನ್ನು ಬಿಚ್ಚಿದವನೇ ಅಲ್ಲ.

ಕೋನ್ ಸೆಟ್ ಲೂಸ್ ಇದ್ದರೂ ಕಟ್ ಅನ್ನುತ್ತೆ, ಸುಳ್ಳಲ್ಲ. ದೇವರು ದೊಡ್ಡವನು, ಅದೇ ಆಗಿರಲಿ. ಆದರೆ ಬಿಗಿ ಮಾಡಿದ ಮೇಲೆ ಸದ್ದು ನಿಂತಿತು ಅಂತ ಸುಮ್ಮನಾಗಬೇಡ. ನಮ್ಮ ಕಾಲದಲ್ಲಿ ಬಿರುಕು ಹುಡುಕಲು ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದೆವು. ಒಂದು ರಾತ್ರಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರೆ, ಬಿರುಕಿನೊಳಗೆ ಕೂತ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಗೆರೆಯಾಗಿ ಮೇಲೆ ಬರುತ್ತೆ. ನಾನು 1986ರಲ್ಲಿ ಶೋಳವರಂಗೆ ಹೋಗುವ ಮುಂಚೆ ಇದನ್ನು ಮಾಡಬಹುದಿತ್ತು. ಡಬ್ಬಿ ಪಕ್ಕದಲ್ಲೇ ಇತ್ತು.

ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ತಿಂಗಳ ಕೊನೆಗೆ ಹೋಗುತ್ತೇನೆ ಅಂತ ಬರೆದಿದ್ದೀಯ. ಬೇಡ ಅನ್ನಲು ನಾನ್ಯಾರು. ಇನ್ನೊಂದು ತಿಂಗಳು ತಡೆದರೆ ಟ್ರ್ಯಾಕೇನು ಎದ್ದು ಹೋಗುವುದಿಲ್ಲ.

ಈ ಭಾನುವಾರ ಬಾ. ಗಾಡಿ ಓಡಿಸಿಕೊಂಡು ಬರಬೇಡ, ಬಸ್ಸಿನಲ್ಲಿ ಬಾ. ಸ್ಟೆಮ್ಮು, ಕೆಳಗಿನ ಟಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಾ. ಅವನ ಯೆಜ್ಡಿಯ ಮುರಿದ ತುಂಡು ನನ್ನ ಟ್ರಂಕಿನಲ್ಲಿ ಹಳೇ ಖಾಕಿ ಷರ್ಟಿನಲ್ಲಿ ಸುತ್ತಿಟ್ಟಿದೆ, ನಿನ್ನ ದೊಡ್ಡಮ್ಮನೂ ನೋಡಿಲ್ಲ, ತೋರಿಸುತ್ತೇನೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ, ಡೀಸೆಲ್ ಅರ್ಧ ಲೀಟರ್ ತಂದಿಟ್ಟಿದ್ದೇನೆ. ಸೀಮೆಸುಣ್ಣ ಪಕ್ಕದ ಮನೆ ಮಗುವಿನ ಹತ್ತಿರ ಕೇಳಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ