ಕೋಚ್ ಎದುರು ಕೂರುವ ಮೊದಲು

ಡೊಂಬಿವಲಿ

ಪ್ರೀತಿಯ ಮಗಳಿಗೆ,

ನಿನ್ನೆ ಫೋನಿನಲ್ಲಿ, "ಅಮ್ಮಾ, ನನ್ನಲ್ಲೇನೋ ಕೊರತೆ ಕಂಡಿರಬೇಕು, ಅದಕ್ಕೇ ಆಫೀಸಿನವರು ಕೋಚ್ ಕೊಡಿಸ್ತಿದ್ದಾರೆ" ಅಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿದೆ. ಎಚ್‌ಆರ್‌ನಲ್ಲಿದ್ದಾಗ ಎಷ್ಟೋ ಜನರಿಗೆ ನಾನೇ ಕೋಚ್ ಗೊತ್ತುಮಾಡಿದ್ದೇನೆ. ಕೋಚ್ ಅಂದರೆ ಕೆಲಸದ ತೊಡಕನ್ನು ನಾವೇ ಯೋಚಿಸಿ ಬಿಡಿಸಿಕೊಳ್ಳುವ ಹಾಗೆ ಜೊತೆಗೆ ಕೂತು ಮಾತಾಡಿಸುವವರು, ಅಷ್ಟೇ. ಅವರಲ್ಲಿ ಹೆಚ್ಚಿನವರು ನಿನ್ನ ಹಾಗೆ ಆಗಷ್ಟೇ ತಂಡದ ಹೊಣೆ ಹೊತ್ತವರು, ಕಂಪನಿ ಉಳಿಸಿಕೊಂಡು ಬೆಳೆಸಬೇಕು ಅಂದುಕೊಂಡವರು. ಆದರೂ ಅನುಮಾನ ಇಟ್ಟುಕೊಂಡು ಹೋಗಬೇಡ. ಯಾಕೆ ಕೊಡಿಸ್ತಿದ್ದೀರಿ ಅಂತ ನಿನ್ನ ಬಾಸ್ ಹತ್ತಿರವೇ ನೇರವಾಗಿ ಕೇಳು.

ಫೀಸು ಕೊಡುವುದು ಕಂಪನಿ, ಮನಸ್ಸು ಬಿಚ್ಚುವವಳು ನೀನು. ಹಾಗಾಗಿ ಒಳಗಿನ ಮಾತು ಎಷ್ಟು ಹೊರಗೆ ಹೋಗುತ್ತದೆ ಅನ್ನುವುದು ಮೊದಲ ಭೇಟಿಯಲ್ಲೇ ಇತ್ಯರ್ಥವಾಗಲಿ. ಸಾಮಾನ್ಯವಾಗಿ ನೀನು, ಬಾಸ್, ಕೋಚ್ ಮೂವರೂ ಕೂತು ಗುರಿ ಗೊತ್ತುಮಾಡುತ್ತೀರಿ. ಆ ಗುರಿ ಏನು, ಎಷ್ಟು ಸೆಷನ್ ಮುಗಿಯಿತು, ಇಷ್ಟು ಕಂಪನಿಗೆ ತಿಳಿದರೆ ಸಾಕು. ನೀನು ಯಾರ ಬಗ್ಗೆ ಏನಂದೆ ಅನ್ನುವುದು ತಿಳಿಯಬಾರದು. ಇದನ್ನು ಬರೆದುಕೊಡಿ ಅಂತ ಕೇಳು, ಸಂಕೋಚ ಬೇಡ. ಹಾರಿಕೆಯ ಉತ್ತರ ಬಂದರೆ ಬೇರೆ ಕೋಚ್ ಬೇಕು ಅನ್ನು. ಈ ಭರವಸೆ ಇಲ್ಲದಿದ್ದರೆ ನೀನು ಆರು ತಿಂಗಳು ಹೋಗಿ ಒಳ್ಳೊಳ್ಳೆ ಮಾತಾಡಿ ಬರುತ್ತೀಯ, ಅಷ್ಟೇ.

ಕೋಚ್ ಎಲ್ಲಿ ಕಲಿತವರು ಅಂತಲೂ ವಿಚಾರಿಸು. ನಮ್ಮಲ್ಲಿ ಕೋಚ್ ಆಗಲು ಸರಕಾರಿ ಲೈಸೆನ್ಸ್ ಏನೂ ಬೇಡ, ಯಾರು ಬೇಕಾದರೂ ಬೋರ್ಡು ಹಾಕಬಹುದು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ತರಬೇತಿಯ ಜೊತೆಗೆ ಮೊದಲ ಹಂತವಾದ ಎಸಿಸಿಗೆ 100 ಗಂಟೆ, ನಡುವಿನ ಪಿಸಿಸಿಗೆ 500, ಎಲ್ಲಕ್ಕೂ ಮೇಲಿನ ಎಂಸಿಸಿಗೆ 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಸರ್ಟಿಫಿಕೇಟ್ ನೋಡಿ ಮಾರುಹೋಗಬೇಡ, ಆದರೆ ನೋಡದೆ ಬಿಡಬೇಡ.

ಇನ್ನು ಸೆಷನ್. ಟ್ಯೂಷನ್ ಮೇಷ್ಟ್ರ ಹಾಗೆ ಅವರು ಉತ್ತರ ಬರೆಸುತ್ತಾರೆ ಅಂದುಕೊಂಡರೆ ಮೊದಲ ದಿನವೇ ನಿರಾಸೆಯಾಗುತ್ತದೆ. ನೀನು "ತಂಡದವರಿಗೆ ಕೆಲಸ ಹಂಚೋಕೆ ಆಗ್ತಿಲ್ಲ" ಅನ್ನುತ್ತೀಯ ಅಂತಿಟ್ಟುಕೋ. ಹಂಚುವುದು ಹೇಗೆ ಅಂತ ಅವರು ಹೇಳಿಕೊಡುವುದಿಲ್ಲ. "ಕಳೆದ ವಾರ ಯಾವ ಕೆಲಸ ಬಿಟ್ಟುಕೊಡಬಹುದಿತ್ತು?" ಅನ್ನುತ್ತಾರೆ. ಜೂನಿಯರ್ ಮಾಡಿದ ರಿಪೋರ್ಟನ್ನು ರಾತ್ರಿ ಹನ್ನೊಂದರವರೆಗೆ ಕೂತು ತಿದ್ದಿದ್ದನ್ನು ನೀನು ಹೇಳುತ್ತೀಯ. "ತಿದ್ದದೇ ಕಳಿಸಿದ್ದರೆ ಏನಾಗ್ತಿತ್ತು?" ಅಂತ ಕೇಳಿ ಸುಮ್ಮನಾಗುತ್ತಾರೆ. ಆಗ ನಿನಗೆ ಕೈಕಾಲು ಆಡುವುದಿಲ್ಲ, ಏನಾದರೂ ಹೇಳಿ ಪಾರಾಗೋಣ ಅನಿಸುತ್ತದೆ. ಹೇಳಬೇಡ. ಸುಮ್ಮನೆ ಕೂತು ಯೋಚಿಸು, ನಿಜವಾದ ಉತ್ತರ ಮೇಲೆ ಬರಲು ಸ್ವಲ್ಪ ಹೊತ್ತು ಬೇಕು. ಮಂಜುನಾಥ ವಿದ್ಯಾಲಯದಲ್ಲಿ ಗುಂಪಿಗೆ ಕೊಟ್ಟ ಚಾರ್ಟನ್ನೂ ಎಲ್ಲರ ಪಾಲಿನದು ನೀನೇ ಬರೆದು ಮುಗಿಸುತ್ತಿದ್ದೆ. ಈ ಗಂಟು ಇವತ್ತಿನದಲ್ಲ ಮಗಳೇ, ಬಿಚ್ಚಬೇಕಾದವಳೂ ನೀನೇ.

ಹಾಗಾಗಿ ಪ್ರತಿ ಸಲ ಹೋಗುವಾಗ ಆ ವಾರ ನಿಜಕ್ಕೂ ಚುಚ್ಚಿದ ಒಂದು ವಿಷಯ ಒಯ್ಯಿ. ಬರುವಾಗ ಮುಂದಿನ ಭೇಟಿಯೊಳಗೆ ಮಾಡಿನೋಡುವ ಒಂದು ಕೆಲಸ ಕೈಯಲ್ಲಿರಲಿ. ಆ ರಿಪೋರ್ಟನ್ನು ತಿದ್ದದೆ, ತಪ್ಪಿರುವಲ್ಲಿ ಗುರುತು ಹಾಕಿ ವಾಪಸ್ ಕೊಡುವುದು, ಅಷ್ಟಾದರೂ ಸಾಕು. ಎರಡು ಸೆಷನ್ ನಡುವಿನ ಈ ಎರಡು-ಮೂರು ವಾರಗಳಲ್ಲೇ ಬದಲಾವಣೆ ಆಗುವುದು.

ನಡುವೆ 360 ಡಿಗ್ರಿ ಫೀಡ್‌ಬ್ಯಾಕ್ ಅಂತ ಬಾಸ್, ಸಹೋದ್ಯೋಗಿಗಳು, ಕೈಕೆಳಗಿನವರು ಎಲ್ಲರ ಅಭಿಪ್ರಾಯ ತರಿಸಬಹುದು. ಓದಿದ ದಿನ ನೋವಾಗುತ್ತದೆ. ಯಾರು ಬರೆದಿರಬಹುದು ಅಂತ ಹುಡುಕಲು ಹೋಗಬೇಡ.

ಇನ್ನೊಂದು ಮಾತು. ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದು ಕೋಚ್ ನೋಡುವ ವಿಷಯವಲ್ಲ. ಒಳ್ಳೆಯ ಕೋಚ್ ಆದರೆ ಮನೋವೈದ್ಯರ ಹತ್ತಿರ ಹೋಗು ಅಂತ ತಾವೇ ಹೇಳುತ್ತಾರೆ. ಹೇಳದಿದ್ದರೂ ನೀನು ಹೋಗು, ಜೊತೆಗೆ ನಾನು ಪುಣೆಗೆ ಬರುತ್ತೇನೆ.

ಬುಧವಾರ ಮೊದಲ ಸೆಷನ್ ಅಂದೆ. ಶನಿವಾರ ಮನೆಗೆ ಬಂದಾಗ ಅಲ್ಲಿ ಏನು ಮಾತಾಡಿದೆ ಅಂತ ನಾನು ಕೇಳುವುದಿಲ್ಲ. ಅಪ್ಪನಿಗೂ ಕೇಳಬೇಡಿ ಅಂತ ಹೇಳಿಟ್ಟಿದ್ದೇನೆ.

ನಿನ್ನ
ಅಮ್ಮ